ಚಾಲುಕ್ಯ ರಾಜಪುತ್ರಿ ಅಕ್ಕಾದೇವಿ

ಇಂಗ್ಲೆಂಡಿನ ಇತಿಹಾಸವನ್ನು ಕಾಲೇಜಿನಲ್ಲಿ ಬೋಧಿಸುವ ನಮ್ಮಂಥವರಿಗೆ ಎಮ್ಮಾ ರಾಣಿಯ ಕಥೆಯು ಬಾಯಿಪಾಠವಾಗಿರುವ ಕಥೆಗಳಲ್ಲೊಂದು. ಆಕೆಯು ನಾರ್ಮಂಡಿಯ ದೊರೆಯ ಮಗಳು. ಕ್ರಿ. ಶ. 1002ರಲ್ಲಿ ಇಂಗ್ಲೆಂಡಿನ ಅರಸನಾದ ಎಥೆಲ್‌ರೆಡ್ಡನ ಕೈ ಹಿಡಿದಳು. ಅವನು ತೀರಿಕೊಂಡ ಮೇಲೆ, 1017ರಲ್ಲಿ, ಆ ರಾಜ್ಯವನ್ನು ಗೆದ್ದ ಡೇನರ ಕನೂಟನಿಗೆ ಮಡದಿಯಾದಳು. ಇಬ್ಬರು ಅರಸರ ಪತ್ನಿ, ಇಬ್ಬರು ಅರಸರ ತಾಯಿ ಎನಿಸಿದ ಆಕೆಯ ಬಾಳಿನ ಏಳುಬೀಳುಗಳನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ಒಮ್ಮೆ ಯಾದಗಿರಿ ಸೀಮೆಯ ಮುದನಾಳದ ಕಡೆಯಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸ್ವಾಮೀ, ಅದೇ ಕಾಲಕ್ಕೆ ನಮ್ಮ ನಾಡಿನ ಅರಮನೆಯಲ್ಲಿ ಇಂಥ ಹೆಂಗಸರು ಯಾರೂ ಇರಲಿಲ್ಲವೇ?" ಎಂದು ಕೇಳಿದನು. ಪ್ರಶ್ನೆಯು ಸರಳವಾದದ್ದು. ಆದರೆ ನಮಗೆ ಆಗ ಉತ್ತರವು ಹೊಳೆಯಲಿಲ್ಲ. ವಿಂಚೆಸ್ಟರಿನ ಅರಮನೆಯ ಒಳಗಿನ ಸಂಗತಿಗಳೆಲ್ಲವನ್ನೂ ಬಲ್ಲ ನಾವು ಕಲ್ಯಾಣದ ಅರಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ಆ ನಾಚಿಕೆಯೇ ಈ ಭಾಷಣಕ್ಕೆ ಮೂಲವೆಂದು ಶ್ರೋತೃಗಳಲ್ಲಿ ಮೊದಲೇ ಒಪ್ಪಿಕೊಳ್ಳುತ್ತೇವೆ.

ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವು ಅಕ್ಕಾದೇವಿ. ಎಮ್ಮಾ ರಾಣಿಯ ಸಮಕಾಲೀನಳಾದ ಈ ಚಾಲುಕ್ಯ ರಾಜಪುತ್ರಿಯು ಸುಮಾರು ನಾಲ್ವತ್ತು ವರ್ಷಗಳ ಕಾಲ ಕನ್ನಡನಾಡಿನ ನಡುವಣ ಪ್ರದೇಶಗಳನ್ನು ಆಳಿದಳು, ಅಗ್ರಹಾರಕ್ಕೆ ದತ್ತಿ ಬಿಟ್ಟಳು, ಕೋಟೆಗೆ ಮುತ್ತಿಗೆ ಹಾಕಿದಳು, ಯುದ್ಧದಿಂದ ಕೆಟ್ಟ ಪಟ್ಟಣಕ್ಕೆ ಮರಳಿ ಕಟ್ಟುಪಾಡುಗಳನ್ನು ಮಾಡಿಕೊಟ್ಟಳು. ಇವೆಲ್ಲವೂ ಕಲ್ಲಿನ ಮೇಲೆ ಬರೆದಿರುವ ಸಂಗತಿಗಳೇ ಹೊರತು ಕವಿಗಳ ಕಲ್ಪನೆಯಲ್ಲ.

ಮೊದಲು ಆಕೆಯ ಕಾಲವನ್ನೂ ಮನೆತನವನ್ನೂ ಅರಿಯಬೇಕು. ಕ್ರಿ. ಶ. 973ರಲ್ಲಿ ಎರಡನೆಯ ತೈಲಪನು ರಾಷ್ಟ್ರಕೂಟರ ಪ್ರಭುತ್ವವನ್ನು ಕಿತ್ತೊಗೆದು ಚಾಲುಕ್ಯರ ಹೆಸರನ್ನು ಮತ್ತೆ ಮೇಲೆತ್ತಿದನು. ಅವನ ತರುವಾಯ ಹಿರಿಯ ಮಗನಾದ ಸತ್ಯಾಶ್ರಯನು ಪಟ್ಟವೇರಿದನು. ಕಿರಿಯ ಮಗನಾದ ದಶವರ್ಮನಿಗೂ ಅವನ ಪತ್ನಿ ಭಾಗಲದೇವಿಗೂ ಹುಟ್ಟಿದವಳು ನಮ್ಮ ಅಕ್ಕಾದೇವಿ. ಈಕೆಯ ಸಹೋದರರಲ್ಲಿ ಐದನೆಯ ವಿಕ್ರಮಾದಿತ್ಯನು 1008ರಲ್ಲಿಯೂ, ಇಮ್ಮಡಿ ಜಯಸಿಂಹನು 1015ರ ಸುಮಾರಿಗೂ ಸಿಂಹಾಸನವನ್ನೇರಿದರು. ಜಯಸಿಂಹನ ಮಗನಾದ ಮೊದಲನೆಯ ಸೋಮೇಶ್ವರನು 1042ರಿಂದ 1068ರವರೆಗೆ ಆಳಿದನು; ಅವನಿಗೆ ಅಕ್ಕಾದೇವಿಯು ಸೋದರತ್ತೆ. ಹೀಗೆ ಅರಸನ ಮೊಮ್ಮಗಳಾಗಿ, ಅರಸರಿಬ್ಬರ ಒಡಹುಟ್ಟಾಗಿ, ಅರಸನೊಬ್ಬನ ಅತ್ತೆಯಾಗಿ ಆಕೆ ಬಾಳಿದಳು. ಆಕೆಯ ಹೆಸರಿನಲ್ಲಿಯೇ ಅಕ್ಕನೆಂಬ ಮನೆಮಾತು ಅಡಗಿರುವುದನ್ನು ಶ್ರೋತೃಗಳು ಗಮನಿಸಬಹುದು.

ಆ ಕಾಲವು ಸುಖದ ಕಾಲವಾಗಿರಲಿಲ್ಲ. ತೆಂಕಣದಿಂದ ಚೋಳರು ಮೇಲಿಂದ ಮೇಲೆ ಏರಿ ಬರುತ್ತಿದ್ದರು. 1007ರ ಸುಮಾರಿನ ಹೊಟ್ಟೂರಿನ ಶಾಸನವು, ಚೋಳ ರಾಜಕುಮಾರನು ಒಂಬತ್ತು ಲಕ್ಷ ದಂಡಿನೊಡನೆ ದೋಣೂರಿನವರೆಗೂ ನುಗ್ಗಿ ಬಂದು ನಾಡನ್ನು ಸೂರೆಗೊಂಡನೆಂದೂ, ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದನೆಂದೂ ದುಃಖದಿಂದ ಹೇಳುತ್ತದೆ. ಒಂಬತ್ತು ಲಕ್ಷವೆಂಬುದನ್ನು ಶಾಸನಕವಿಯ ಭೀತಿಯ ಅಳತೆಯೆಂದು ತಿಳಿದರೂ, ಊರುಗಳು ಉರಿದದ್ದು ಸುಳ್ಳಲ್ಲ. ಅಕ್ಕಾದೇವಿಯ ಅಧಿಕಾರವು ಆರಂಭವಾದುದು ಆ ಬೆಂಕಿಯು ಆರಿದ ಎರಡು ಮೂರು ವರ್ಷಗಳಲ್ಲಿಯೇ.

ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ಈ ರಾಜ್ಯದ ಹೊರಮೂಲೆಯಾಗಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಚಾಲುಕ್ಯರ ನೆಲೆವೀಡುಗಳಲ್ಲೊಂದಾಗಿದ್ದ ಏತಗಿರಿಯನ್ನು ಇಂದಿನ ಯಾದಗಿರಿಯೆಂದು ವಿದ್ವಾಂಸರು ಗುರುತಿಸಿರುವರು. ಶಹಾಪುರದ ಬಳಿಯ ಸಗರವು ಸಗರ ಮುನ್ನೂರು ಎಂಬ ನಾಡಿಗೆ ಹೆಸರಾಗಿತ್ತು. ಸುರಪುರ ಸೀಮೆಯ ಯೇವೂರಿನಲ್ಲಿ ದೊರೆತ 1077ರ ಶಾಸನವು ಚಾಲುಕ್ಯ ವಂಶಾವಳಿಯನ್ನು ಹೇಳುವ ಮುಖ್ಯ ಆಧಾರಗಳಲ್ಲೊಂದಾಗಿದ್ದು, ಇತಿಹಾಸಕಾರರೆಲ್ಲರೂ ಅದರ ಮೊರೆಹೊಕ್ಕಿರುವರು. ಅಕ್ಕಾದೇವಿಯು ಆಳಿದ ಊರುಗಳು ಇಲ್ಲಿಂದ ಪಡುವಣಕ್ಕೆ, ಕೃಷ್ಣೆ ಮಲಪ್ರಭೆಗಳ ಬಯಲಿನಲ್ಲಿವೆ. ಆಕೆ ಅದೇ ಮನೆತನದವಳು. ಆಕೆಯ ಶಾಸನಗಳ ಭಾಷೆಯೂ ಯೇವೂರಿನ ಕಲ್ಲಿನ ಭಾಷೆಯೇ.

ಅಕ್ಕಾದೇವಿಯು ಇತಿಹಾಸದಲ್ಲಿ ಮೊದಲು ಕಾಣಿಸಿಕೊಳ್ಳುವುದು 1010ರಲ್ಲಿ, ಈಗಿನ ಗದಗ ಜಿಲ್ಲೆಯ ಸೂಡಿಯ ಶಾಸನದಲ್ಲಿ. ಅಣ್ಣತಮ್ಮಂದಿರಲ್ಲಿ ವಿಕ್ರಮಾದಿತ್ಯನು ಆಗ ಅರಸು. ಆಕೆಯು ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದಳೆಂದು ಅದರಿಂದ ತಿಳಿಯುತ್ತದೆ. ಕಿಸುಕಾಡೆಂದರೆ ಪಟ್ಟದಕಲ್ಲಿನ ಸುತ್ತಣ ನಾಡು. ಪಟ್ಟದಕಲ್ಲಿಗೆ ಕಿಸುವೊಳಲು, ಎಂದರೆ ಕೆಂಪು ಪಟ್ಟಣ, ಎಂಬ ಹಳೆಯ ಹೆಸರಿತ್ತು. ಬಾದಾಮಿಯ ಚಾಲುಕ್ಯರು ಪಟ್ಟಾಭಿಷಿಕ್ತರಾಗುತ್ತಿದ್ದ ನೆಲವದು. ತಾವು ಅವರ ವಂಶದವರೇ ಎಂದು ಹೇಳಿಕೊಳ್ಳುತ್ತಿದ್ದ ಕಲ್ಯಾಣದ ಚಾಲುಕ್ಯರಿಗೆ ಈ ನಾಡು ಬರಿಯ ಕಂದಾಯದ ಭೂಮಿಯಾಗಿರಲಿಲ್ಲ, ಮನೆತನದ ಮಾನದ ಭೂಮಿಯಾಗಿತ್ತು. ಅದನ್ನು ಅರಸನು ಒಬ್ಬ ಸಾಮಂತನಿಗೂ ಕೊಡದೆ ತನ್ನ ಸಹೋದರಿಯ ಕೈಗೆ ಕೊಟ್ಟನೆಂಬುದು ಯೋಚಿಸತಕ್ಕ ಸಂಗತಿ.

ನಾಡನ್ನು ಆಳುವುದೆಂದರೇನು? ಅರಮನೆಯ ಹೆಂಗಸರ ಕೈಖರ್ಚಿಗಾಗಿ ಒಂದೆರಡು ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಡುವುದು ಅನೇಕ ದೇಶಗಳಲ್ಲಿ ಇದ್ದ ಪದ್ಧತಿ. ಇದು ಅಂಥದಲ್ಲ. ಸುಂಕವನ್ನು ಎತ್ತುವುದು, ಮನ್ನಾ ಮಾಡುವುದು, ಭೂಮಿಯನ್ನು ದತ್ತಿ ಬಿಡುವುದು, ಊರಿನ ಮಹಾಜನರಿಗೂ ಸೆಟ್ಟಿಗಳಿಗೂ ಕಟ್ಟಳೆಗಳನ್ನು ಮಾಡಿಕೊಡುವುದು, ಬೇಕಾದಾಗ ದಂಡನ್ನು ಕೂಡಿಸುವುದು, ಇವು ನಾಡಾಳುವವರ ಕೆಲಸಗಳು. ಕೈಕೆಳಗೆ ದಂಡನಾಯಕರೂ ಕರಣಿಕರೂ ಇರುತ್ತಿದ್ದರು. ಅಕ್ಕಾದೇವಿಯು ಈ ಕೆಲಸಗಳನ್ನು ಹೇಗೆ ನಡೆಸಿದಳೆಂಬುದನ್ನು ಆಕೆಯ ಶಾಸನಗಳೇ ಒಂದೊಂದಾಗಿ ತೋರಿಸುತ್ತವೆ.

1022ರ ಶಾಸನವು ಬಾದಾಮಿಯ ಬಳಿಯ ಬೇಲೂರಿನದು. ಹಳೇಬೀಡಿನ ನೆರೆಯ ಬೇಲೂರಲ್ಲ. ಇದು ಪೇರೂರೆಂಬ ಪ್ರಾಚೀನ ಅಗ್ರಹಾರ. ಅಷ್ಟರಲ್ಲಿ ಅರಸು ಬದಲಾಗಿ ಜಯಸಿಂಹನು ಬಂದಿದ್ದನು. ಆದರೆ ಅಕ್ಕಾದೇವಿಯ ಅಧಿಕಾರವು ಕುಗ್ಗಲಿಲ್ಲ, ಹಿಗ್ಗಿತು. ಕಿಸುಕಾಡು ಎಪ್ಪತ್ತರ ಜೊತೆಗೆ ಬೇರೆ ನಾಡುಗಳೂ ಆಕೆಯ ಆಳಿಕೆಗೆ ಸೇರಿದ್ದವು. ಅಲ್ಲಿ ಆಕೆಯು ಹರಿ, ಹರ, ಬ್ರಹ್ಮರೆಂಬ ಮೂವರಿಗೂ ಸಲ್ಲುವ ತ್ರೈಪುರುಷ ದೇವಾಲಯವನ್ನು ಕಟ್ಟಿಸಿ, ಐನೂರು ಮಂದಿ ವಿದ್ಯಾರ್ಥಿಗಳ ಊಟ ಬಟ್ಟೆಗಳಿಗಾಗಿ ದತ್ತಿಯನ್ನು ಬಿಟ್ಟಳು. ಐನೂರು ಮಂದಿ! ಇಂದಿನ ಒಂದು ದೊಡ್ಡ ವಿದ್ಯಾರ್ಥಿನಿಲಯದಲ್ಲಿಯೂ ಇಷ್ಟು ಜನರಿಗೆ ದಿನವೂ ಅನ್ನವಿಕ್ಕುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಕಾಲೇಜಿನವರಾದ ನಾವು ಬಲ್ಲೆವು. ಮಳೆ ಬಂದರೂ ಬಾರದಿದ್ದರೂ ಆ ಧಾನ್ಯವು ಉಗ್ರಾಣಕ್ಕೆ ಬಂದು ಬೀಳುವಂತೆ ಹೊಲಗದ್ದೆಗಳನ್ನು ಗೊತ್ತುಮಾಡಿ, ಎಲ್ಲೆಗಳನ್ನು ಹಾಕಿಸಿ, ಕಲ್ಲಿನಲ್ಲಿ ಬರೆಯಿಸಿ ಇಡುವುದು ಭಕ್ತಿಯೊಂದರಿಂದಲೇ ಆಗುವ ಕೆಲಸವಲ್ಲ. ಅದಕ್ಕೆ ಆಡಳಿತದ ಬುದ್ಧಿಯು ಬೇಕು.

ಅದೇ ಶಾಸನವು ಆಕೆಯ ಗುಣಗಳನ್ನು ಹೊಗಳುತ್ತಾ ಒಂದು ಸೊಗಸಾದ ಮಾತನ್ನು ಹೇಳುತ್ತದೆ. ಜಿನ, ಬುದ್ಧ, ಅನಂತ, ರುದ್ರ ಎಂಬ ನಾಲ್ವರ ಮಾರ್ಗಗಳಲ್ಲಿ ವಿಧಿಸಿದ ಧರ್ಮಕಾರ್ಯಗಳನ್ನೂ ಆಕೆ ನಡೆಸಿದಳೆಂಬುದೇ ಆ ಮಾತು. ಇದು ಬರಿಯ ಉಪಚಾರದ ನುಡಿಯಲ್ಲವೆಂಬುದಕ್ಕೆ ಆಕೆಯ ಮುಂದಿನ ದತ್ತಿಗಳೇ ಸಾಕ್ಷಿ. ನಾನಾ ಮತದವರು ನೆಲೆಸಿದ್ದ ನಾಡನ್ನು ಆಳುವವರು ಒಂದು ಗುಡಿಯ ಗಂಟೆಯನ್ನು ಮಾತ್ರ ಕೇಳಿಸಿಕೊಂಡರೆ ಸಾಲದೆಂಬ ತಿಳಿವಳಿಕೆಯು ಆಕೆಗೆ ಇತ್ತು.

ಆಕೆಯ ಬಿರುದುಗಳೂ ಗಮನಿಸತಕ್ಕವು. ಗುಣದ ಬೆಡಂಗಿ, ಎಂದರೆ ಸದ್ಗುಣಗಳಿಂದ ಚೆಲುವೆಯಾದವಳು; ಏಕವಾಕ್ಯೆ, ಎಂದರೆ ಆಡಿದ ಮಾತಿಗೆ ಎರಡನೆಯದಿಲ್ಲದವಳು; ರಣಭೈರವಿ, ಎಂದರೆ ಕಾಳಗದಲ್ಲಿ ಭೈರವಿಯಂತಿರುವವಳು. ಹೆಂಗಸರನ್ನು ಹೊಗಳುವಾಗ ನಮ್ಮ ಕವಿಗಳು ಕಣ್ಣು, ಮುಡಿ, ನಡೆಗಳ ವರ್ಣನೆಗೆ ತೊಡಗುವುದು ವಾಡಿಕೆ. ಅಕ್ಕಾದೇವಿಯ ಬಿರುದುಗಳಲ್ಲಿ ಬೆಡಗೆಂಬ ಮಾತು ಬಂದರೂ ಅದು ಗುಣದ ಬೆಡಗು. ಮಾತಿನ ನಿಲುಕಡೆಯೂ ಯುದ್ಧದ ಧೈರ್ಯವೂ ಅರಸುಗಳಿಗೆ ಸಲ್ಲುವ ಹೊಗಳಿಕೆಗಳು; ಅವು ಇಲ್ಲಿ ಆಕೆಗೆ ಸಂದಿವೆ.

ಆಕೆಯ ಕೈಹಿಡಿದವನು ಹಾನಗಲ್ಲಿನ ಕದಂಬರ ಮನೆತನದ ಮಯೂರವರ್ಮ. 1037ರ ಸುಮಾರಿಗೆ ದಂಪತಿಗಳಿಬ್ಬರೂ ಬನವಾಸಿ ಪನ್ನಿರ್ಚ್ಛಾಸಿರವನ್ನೂ ಪಾನುಂಗಲ್ಲು ಐನೂರನ್ನೂ ಕೂಡಿ ಆಳುತ್ತಿದ್ದರು. ಮುಂದೆ ಅದೇ ಸೀಮೆಯನ್ನು ಆಳಿದ ತೋಯಿಮದೇವನು ಆಕೆಯ ಮಗ. ಬನವಾಸಿಯು ಚಾಲುಕ್ಯ ರಾಜ್ಯದ ಅತ್ಯಂತ ಸಮೃದ್ಧವಾದ ಪ್ರಾಂತ. ಆಕೆಗೆ ಅಲ್ಲಿನ ಅಧಿಕಾರವು ಗಂಡನ ಜೊತೆಯಲ್ಲಿ ಬಂದದ್ದೆಂದು ಯಾರಾದರೂ ಹೇಳಬಹುದು. ಆದರೆ ಕಿಸುಕಾಡಿನ ಅಧಿಕಾರವು ಆಕೆಗೆ ತನ್ನ ಹುಟ್ಟಿದ ಮನೆಯಿಂದ ಬಂದದ್ದು; ಅದು ಕೊನೆಯವರೆಗೂ ಆಕೆಯದಾಗಿಯೇ ಉಳಿಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ನಮ್ಮ ಗಾದೆಯನ್ನು ಚಾಲುಕ್ಯರು ಈ ಹೆಣ್ಣಿನ ವಿಷಯದಲ್ಲಿ ಒಪ್ಪಲಿಲ್ಲ.

ಎಲ್ಲಕ್ಕಿಂತಲೂ ಹೆಚ್ಚಾಗಿ ಮನಸ್ಸನ್ನು ಸೆಳೆಯುವುದು 1047ರ ಅರಸಿಬೀಡಿಯ ಶಾಸನ. ಅರಸಿಬೀಡಿಯು ಈಗ ಬಾಗಲಕೋಟೆ ಜಿಲ್ಲೆಯ ಒಂದು ಊರು. ಆಗ ಅದಕ್ಕೆ ವಿಕ್ರಮಪುರವೆಂಬ ಹೆಸರಿತ್ತು. ಅರಸಿಯ ಬೀಡು ಎಂಬ ಅರ್ಥವು ಈಗಿನ ಹೆಸರಿನಲ್ಲಿಯೇ ಎದ್ದು ಕಾಣುತ್ತದೆ. ಸೋಮೇಶ್ವರನ ಆಳಿಕೆಯ ಆ ವರ್ಷದಲ್ಲಿ ಅಕ್ಕಾದೇವಿಯು ಗೋಕಾಗೆಯ ಕೋಟೆಯನ್ನು, ಎಂದರೆ ಇಂದಿನ ಗೋಕಾಕನ್ನು, ಮುತ್ತಿ ಬೀಡುಬಿಟ್ಟಿದ್ದಳು. ಆ ಬೀಡಿನಲ್ಲಿದ್ದಾಗಲೇ ವಿಕ್ರಮಪುರದ ಜಿನಾಲಯಕ್ಕೆ ಆಕೆ ದತ್ತಿಯನ್ನು ಬಿಟ್ಟಳು. ಆ ಜಿನಾಲಯದ ಹೆಸರು ಗುಣದ ಬೆಡಂಗಿ ಜಿನಾಲಯ. ಆಕೆಯ ಬಿರುದೇ ಅದರ ಹೆಸರಾಗಿತ್ತು. 1010ರಿಂದ 1047ರವರೆಗೆ ಮೂವತ್ತೇಳು ವರ್ಷಗಳಾದವು. ಮೊದಲ ಶಾಸನದ ಕಾಲಕ್ಕೆ ಹರೆಯದವಳೆಂದು ಇಟ್ಟುಕೊಂಡರೂ ಗೋಕಾಗೆಯ ಮುಂದೆ ನಿಂತಾಗ ಆಕೆಗೆ ಐವತ್ತು ದಾಟಿತ್ತು.

ಇಲ್ಲಿ ಶ್ರೋತೃಗಳನ್ನು ಸ್ವಲ್ಪ ಎಚ್ಚರಿಸಬೇಕಾಗಿದೆ. ಕುದುರೆಯನ್ನೇರಿ ಕತ್ತಿಯನ್ನು ಝಳಪಿಸುವ ವೀರವನಿತೆಯ ಚಿತ್ರವನ್ನು ಬರೆದುಬಿಡುವ ಆಸೆಯು ನಮಗೆ ಸಹಜವಾಗಿಯೇ ಬರುತ್ತದೆ. ನಾಟಕಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಶಾಸನವು ಹೇಳುವುದು ಅದಕ್ಕಿಂತ ದೊಡ್ಡ ಮಾತು. ಮುತ್ತಿಗೆಯೆಂಬುದು ಒಂದು ದಿನದ ಸಾಹಸವಲ್ಲ. ದಂಡಿಗೆ ದವಸವನ್ನು ಒದಗಿಸಬೇಕು, ಕುದುರೆಗಳಿಗೆ ಹುಲ್ಲನ್ನು ತರಿಸಬೇಕು, ನಾಯಕರು ಒಬ್ಬರೊಡನೊಬ್ಬರು ಜಗಳವಾಡದಂತೆ ನೋಡಿಕೊಳ್ಳಬೇಕು, ಕೋಟೆಯೊಳಗಿನವರು ಸೋಲುವವರೆಗೂ ಸೈರಣೆಗೆಡದೆ ಕಾದಿರಬೇಕು. ಅದರ ನಡುವೆಯೂ ದೂರದ ಜಿನಾಲಯವೊಂದರ ಲೆಕ್ಕಪತ್ರಕ್ಕೆ ಗಮನ ಕೊಡಬೇಕು. ಕತ್ತಿಯನ್ನು ಹಿಡಿದವರು ಬಹಳ ಮಂದಿ. ಇಷ್ಟನ್ನೂ ಒಂದೇ ತಲೆಯಲ್ಲಿ ಹಿಡಿದವರು ಕೆಲವರು.

ಇನ್ನು 1050ರ ಸುಮಾರಿನ ಸೂಡಿಯ ಶಾಸನ. ನಮ್ಮ ಮಟ್ಟಿಗೆ ಆಕೆಯ ಬಾಳಿನ ಸಾರವು ಇದರಲ್ಲಿದೆ. ಸೂಡಿಯು ಆಗ ವರ್ತಕರಿಂದ ತುಂಬಿದ ಪಟ್ಟಣ. ಎಂಟು ಮಂದಿ ಸೆಟ್ಟಿಗಳೂ ಎಂಬತ್ತು ಒಕ್ಕಲುಗಳೂ ಸೇರಿ ಊರಿನ ವ್ಯವಹಾರಗಳನ್ನು ನಡೆಸುತ್ತಿದ್ದರು. ಅವರಿಗೆ ಹಿಂದಿನಿಂದ ಬಂದ ಹಕ್ಕುಬಾಧ್ಯತೆಗಳ ಕಟ್ಟಳೆಯೊಂದು ಇತ್ತು. ಚೋಳರ ಹಾವಳಿಯಲ್ಲಿ ಅದು ಕೆಟ್ಟುಹೋಗಿತ್ತು. ವಿಕ್ರಮಪುರದ ಬೀಡಿನಲ್ಲಿದ್ದ ಅಕ್ಕಾದೇವಿಯು ತನ್ನ ಪ್ರಧಾನರೊಡನೆ ಕುಳಿತು ಆ ಕಟ್ಟಳೆಯನ್ನು ಮತ್ತೆ ಮಾಡಿಕೊಟ್ಟಳು. ಯುದ್ಧದ ತರುವಾಯ ಅರಸರು ಸಾಮಾನ್ಯವಾಗಿ ಕಟ್ಟಿಸುವುದು ಕೋಟೆಯ ಗೋಡೆಯನ್ನು. ಆಕೆಯು ಊರಿನವರ ಹಕ್ಕನ್ನು ಕಟ್ಟಿಕೊಟ್ಟಳು. ಗೋಡೆ ಬಿದ್ದರೆ ಊರು ಒಂದು ದಿನ ಸೂರೆಯಾದೀತು. ಯಾರಿಗೆ ಏನು ಸಲ್ಲಬೇಕು, ಯಾರು ಏನು ತೆರಬೇಕು ಎಂಬ ನಿಬಂಧನೆಯೇ ಅಳಿದರೆ ಊರು ದಿನವೂ ಸೂರೆಯಾಗುತ್ತದೆ. ಸೂಡಿಯಲ್ಲಿ ಆಕೆಯ ಹೆಸರನ್ನು ಹೊತ್ತ ಅಕ್ಕೇಶ್ವರ ದೇವಾಲಯವೂ ಉಂಟಾಯಿತು.

ಈಗ ಎಮ್ಮಾ ರಾಣಿಯ ಕಡೆಗೆ ಮತ್ತೊಮ್ಮೆ ತಿರುಗೋಣ. ಅಕ್ಕಾದೇವಿಯು ಬನವಾಸಿಯನ್ನು ಆಳುತ್ತಿದ್ದ 1037ರಲ್ಲಿಯೇ ಎಮ್ಮಾ ರಾಣಿಯು, ಮಲಮಗನಾದ ಹೆರಾಲ್ಡನ ಕೈ ಮೇಲಾದುದರಿಂದ, ಇಂಗ್ಲೆಂಡನ್ನು ಬಿಟ್ಟು ಕಡಲಾಚೆಯ ಬ್ರೂಜ್ ಪಟ್ಟಣದಲ್ಲಿ ಆಶ್ರಯವನ್ನು ಬೇಡಬೇಕಾಯಿತು. ಮೂರು ವರ್ಷಗಳ ಮೇಲೆ ಮಗನಾದ ಹಾರ್ಡಕನೂಟನೊಡನೆ ಹಿಂದಿರುಗಿದಳು. ಅವನೂ ತೀರಿಹೋಗಿ, ಮೊದಲ ಗಂಡನ ಮಗನಾದ ಎಡ್ವರ್ಡನು ಅರಸನಾದ ಮೇಲೆ, 1043ರಲ್ಲಿ, ಆ ಸ್ವಂತ ಮಗನೇ ವಿಂಚೆಸ್ಟರಿಗೆ ಬಂದು ತಾಯಿಯ ಭಂಡಾರವನ್ನೂ ಭೂಮಿಗಳನ್ನೂ ಕಿತ್ತುಕೊಂಡನು. 1052ರಲ್ಲಿ ಆಕೆ ಕಾಲವಾದಳು. ಎಮ್ಮಾ ರಾಣಿಯು ಬುದ್ಧಿವಂತೆಯಲ್ಲವೆಂದು ಯಾರೂ ಹೇಳಲಾರರು. ಆದರೆ ಆಕೆಯ ಬಲವೆಲ್ಲವೂ ಗಂಡನಿಂದಲೋ ಮಗನಿಂದಲೋ ಬಂದದ್ದು. ಅವರ ಮುಖವು ತಿರುಗಿದೊಡನೆ ಆಕೆಯ ಕಾಲಕೆಳಗಿನ ನೆಲವೇ ಸರಿಯಿತು. ಇಂಗ್ಲೆಂಡಿಗೆ ಬಂದ ಮೇಲೆ ಆಕೆಗೆ ಎಲ್ಫ್‌ಗಿಫು ಎಂಬ ಆ ನಾಡಿನ ಹೆಸರನ್ನಿಟ್ಟರು. ತನ್ನ ಹೆಸರಿನ ಮೇಲೆಯೂ ಆಕೆಗೆ ಪೂರ್ಣವಾದ ಒಡೆತನವು ಉಳಿಯಲಿಲ್ಲ.

ಅಕ್ಕಾದೇವಿಗೆ ಹೆಚ್ಚು ಹತ್ತಿರವಾದವಳು ಅದಕ್ಕೂ ನೂರು ವರ್ಷಗಳ ಹಿಂದೆ ಇದ್ದ ಎಥೆಲ್‌ಫ್ಲೆಡ್. ಆಲ್ಫ್ರೆಡ್ ಮಹಾರಾಜನ ಮಗಳಾದ ಆಕೆಯು 911ರಲ್ಲಿ ಗಂಡನು ತೀರಿದ ಮೇಲೆ ಮರ್ಸಿಯಾ ಸೀಮೆಯನ್ನು ತಾನೇ ಆಳಿ, ಕೋಟೆಗಳನ್ನು ಕಟ್ಟಿಸಿ, 917ರಲ್ಲಿ ಡರ್ಬಿಯನ್ನೂ 918ರಲ್ಲಿ ಲೆಸ್ಟರನ್ನೂ ಡೇನರ ಕೈಯಿಂದ ಬಿಡಿಸಿಕೊಂಡಳು. ಆಕೆ ಕಾಲವಾದ ಕೆಲವೇ ತಿಂಗಳಲ್ಲಿ ಆಕೆಯ ಮಗಳಿಂದ ಅಧಿಕಾರವನ್ನು ಸೋದರಮಾವನು ಕಸಿದುಕೊಂಡನು. ಎಂದರೆ ಅಲ್ಲಿ ಅದು ಒಬ್ಬಳ ಯೋಗ್ಯತೆಗೆ ಸಂದ ಮರ್ಯಾದೆಯಾಯಿತೇ ಹೊರತು ರೂಢಿಯಾಗಿ ಬೇರುಬಿಡಲಿಲ್ಲ.

ನಮ್ಮಲ್ಲಿ ಅದು ಬಹುಮಟ್ಟಿಗೆ ರೂಢಿಯಾಗಿತ್ತೆಂಬುದೇ ಗಮನಾರ್ಹವಾದುದು. ಅಕ್ಕಾದೇವಿಯ ತಮ್ಮನ ಮೊಮ್ಮಗನಾದ ಆರನೆಯ ವಿಕ್ರಮಾದಿತ್ಯನ ರಾಣಿಯರಲ್ಲಿ ಲಕ್ಷ್ಮಾದೇವಿಯು ಡಂಬಳವೆಂಬ ಧರ್ಮಪುರವನ್ನೂ ಹದಿನೆಂಟು ಅಗ್ರಹಾರಗಳನ್ನೂ ಆಳಿದಳು. ಸಾವಳದೇವಿಯು ನರೇಗಲ್ಲನ್ನು ಆಳಿದಳು. ಜಾಕಲದೇವಿಯು 1094ರಲ್ಲಿ, ಈಗಿನ ಚಿತ್ತಾಪುರದ ಸೀಮೆಗೆ ಸೇರಿದ ಇಂಗಳಗಿಯನ್ನು ಆಳುತ್ತಿದ್ದಳು. ಯಾದಗಿರಿಯವರಿಗೆ ಇಂಗಳಗಿಯು ನೆರೆಯ ಊರೇ ಸರಿ. ಜಯಸಿಂಹನ ರಾಣಿಯಾದ ಸುಗ್ಗಲದೇವಿಯು, ಎಂದರೆ ಅಕ್ಕಾದೇವಿಯ ನಾದಿನಿಯು, ಇನ್ನೂ ಹತ್ತಿರದವಳು. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನು ಆಕೆಗೆ ಗುರುವೆಂದೂ, ಆಕೆಯ ಮೂಲಕ ಅರಸನೂ ಶಿವಭಕ್ತನಾದನೆಂದೂ ವೀರಶೈವ ಪುರಾಣಗಳು ಹೇಳುತ್ತವೆ. ನೇಯ್ಗೆಯಿಂದ ಬಾಳುತ್ತಿದ್ದ ವಚನಕಾರನೊಬ್ಬನನ್ನು ಅರಮನೆಗೆ ಬರಮಾಡಿಕೊಳ್ಳುವ ಸ್ವಾತಂತ್ರ್ಯವು ರಾಣಿಗಿತ್ತೆಂದು ನಮ್ಮ ಹಿರಿಯರ ನೆನಪು ಸಾರುತ್ತದೆ.

ಇದಕ್ಕೆ ಕಾರಣವೇನು? ನಮಗೆ ತೋರುವಂತೆ, ಆಗಿನ ರಾಜ್ಯವು ಒಂದು ದೊಡ್ಡ ಮನೆತನದ ಆಸ್ತಿಯಂತೆ ನಡೆಯುತ್ತಿತ್ತು. ಸಾಮಂತರು ಪ್ರಬಲರಾಗಿದ್ದರು, ಸ್ವಲ್ಪ ಸಡಿಲವಾದರೂ ತಿರುಗಿ ಬೀಳುತ್ತಿದ್ದರು. ಅಂಥ ಸಂದರ್ಭದಲ್ಲಿ ನಂಬಿಕೆಗೆ ಪಾತ್ರರಾದವರು ಸ್ವಂತ ರಕ್ತದವರು. ಸಹೋದರನಿಗೆ ನಾಡನ್ನು ಕೊಟ್ಟರೆ ಅವನು ನಾಳೆ ಸಿಂಹಾಸನವನ್ನೇ ಕೇಳಿಯಾನು. ಸಹೋದರಿಯಿಂದ ಆ ಭಯವು ಕಡಮೆ. ಆದಕಾರಣ ಅಕ್ಕಾದೇವಿಯ ಅಧಿಕಾರದಲ್ಲಿ ಅರಸನ ಔದಾರ್ಯವಿದ್ದಷ್ಟೇ ಲೆಕ್ಕಾಚಾರವೂ ಇತ್ತು. ಆದರೆ ಲೆಕ್ಕಾಚಾರದಿಂದ ಕೊಟ್ಟ ಅಧಿಕಾರವನ್ನು ನಾಲ್ವತ್ತು ವರ್ಷಗಳ ಕಾಲ, ಮೂವರು ಅರಸರ ಆಳಿಕೆಯಲ್ಲಿ, ಉಳಿಸಿಕೊಂಡದ್ದು ಆಕೆಯದೇ ಸಾಮರ್ಥ್ಯ.

ಇಷ್ಟನ್ನು ಹೇಳಿದ ಮಾತ್ರಕ್ಕೆ ಆ ಕಾಲದ ಹೆಂಗಸರೆಲ್ಲರೂ ಸುಖದಿಂದಿದ್ದರೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಅಕ್ಕಾದೇವಿಯು ಅನ್ನವಿಕ್ಕಿದ ಐನೂರು ಮಂದಿ ವಿದ್ಯಾರ್ಥಿಗಳೂ ಅಗ್ರಹಾರದ ಗಂಡುಮಕ್ಕಳು. ಅವರ ಅನ್ನವನ್ನು ಬೆಳೆದ ಒಕ್ಕಲಗಿತ್ತಿಯ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಅರಮನೆಯ ಒಂದು ಬಾಗಿಲು ತೆರೆದಿತ್ತೆಂದರೆ ಊರಿನ ಬಾಗಿಲುಗಳೆಲ್ಲವೂ ತೆರೆದಿದ್ದವೆಂದು ಅರ್ಥವಲ್ಲ. ಆದರೂ ಆ ಒಂದು ಬಾಗಿಲು ತೆರೆದಿತ್ತೆಂಬುದು ಸತ್ಯ. ಹೆಣ್ಣು ಆಳಲಾರಳು ಎಂಬುದು ನಮ್ಮ ಹಿಂದಿನವರ ಮತವೆಂದು ಈಗ ವಾದಿಸುವವರಿಗೆ ಆ ಹಿಂದಿನವರ ಕಲ್ಲೇ ಎದುರುತ್ತರವನ್ನು ಕೊಡುತ್ತದೆ.

ಕಡೆಯದಾಗಿ ಒಂದು ಮಾತು. ಬೇಲೂರಿನ ಆ ಶಾಸನವನ್ನು ಓದಿ ಅಚ್ಚುಮಾಡಿಸಿದವರು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಸೂಡಿಯ ಶಾಸನಗಳನ್ನು ಸಂಪಾದಿಸಿದವರು ಬಾರ್ನೆಟ್ ಎಂಬ ಇಂಗ್ಲಿಷ್ ಪಂಡಿತರು. ಎಮ್ಮಾ ರಾಣಿಯ ನಾಡಿನವರು ನಮ್ಮ ಅಕ್ಕನ ಕಲ್ಲನ್ನು ಓದುತ್ತಿದ್ದ ಕಾಲದಲ್ಲಿ ನಮ್ಮ ವಿದ್ಯಾವಂತರು ಎಮ್ಮಾ ರಾಣಿಯ ಚರಿತ್ರೆಯನ್ನು ಪರೀಕ್ಷೆಗಾಗಿ ಉರುಹೊಡೆಯುತ್ತಿದ್ದರು. ಪರರ ಚರಿತ್ರೆಯನ್ನು ಓದುವುದು ತಪ್ಪಲ್ಲ. ಅದನ್ನು ಓದಿದ್ದರಿಂದಲೇ ನಾವು ಈ ಹೋಲಿಕೆಯನ್ನು ಮಾಡಲು ಶಕ್ತರಾದೆವು. ತಪ್ಪು ಇರುವುದು ಅಲ್ಲಿಗೇ ನಿಲ್ಲುವುದರಲ್ಲಿ. ಶಿರವಾಳದ ಗುಡಿಗಳ ನಡುವೆ, ಯೇವೂರಿನಲ್ಲಿ, ಮುದನೂರಿನಲ್ಲಿ, ನಮ್ಮ ಒಂದೊಂದು ಹಳ್ಳಿಯ ಅಗಸೆಯ ಬಳಿಯಲ್ಲಿ ಬರೆಹದ ಕಲ್ಲುಗಳು ಬಿಸಿಲು ಮಳೆಗಳಲ್ಲಿ ಸವೆಯುತ್ತಿವೆ. ಬಟ್ಟೆ ಒಗೆಯುವ ಕಲ್ಲಾಗಿ, ಮೆಟ್ಟಿಲಾಗಿ, ದನ ಕಟ್ಟುವ ಗೂಟಕ್ಕೆ ಆಸರೆಯಾಗಿ ಹೋದವುಗಳೂ ಇವೆ. ಶ್ರೋತೃಗಳು ಮುಂದಿನ ರಜೆಯಲ್ಲಿ ತಮ್ಮ ಊರಿಗೆ ಹೋದಾಗ ಅಂಥ ಕಲ್ಲೊಂದರ ಮುಂದೆ ಒಂದು ಗಳಿಗೆ ನಿಂತು, ಅದರ ಮೇಲಿನ ಮಣ್ಣನ್ನು ಕೈಯಿಂದ ಒರಸಿ ನೋಡಬೇಕೆಂದು ಬೇಡುತ್ತೇವೆ. ಮುದನಾಳದ ಆ ಹುಡುಗನ ಪ್ರಶ್ನೆಗೆ ಇನ್ನಷ್ಟು ಉತ್ತರಗಳು ಅಲ್ಲಿ ಕಾದಿರಬಹುದು.